‘ಶೋಲೆ’ಯ ಐವತ್ತು ವರ್ಷ: ಒಂದು ರಸವಿಚಾರ

ಪಂಡಿತರು ಮೆಚ್ಚಿದ ಕೃತಿ ಜನರನ್ನು ಮುಟ್ಟದೆ ಹೋಯಿತೆಂಬುದು ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ದೂರು. ಇದಕ್ಕೆ ವಿಪರೀತವಾದ ಇನ್ನೊಂದು ಪ್ರಸಂಗವೂ ಉಂಟು. ಅದರ ವಿಷಯವಾಗಿ ಮಾತನಾಡುವವರು ವಿರಳ. ಜನರು ಒಂದು ಕೃತಿಯನ್ನು ಐವತ್ತು ವರ್ಷಗಳ ಕಾಲ ಬಿಡದೆ ಹಿಡಿದುಕೊಂಡಿದ್ದಾರೆ. ಪಂಡಿತರಾದರೋ ಅದು ತಮ್ಮ ವಿಚಾರಕ್ಕೆ ತಕ್ಕ ವಸ್ತುವೇ ಅಲ್ಲವೆಂದು ಮುಖ ತಿರುಗಿಸಿ ಕುಳಿತಿದ್ದಾರೆ. 1975ರ ಆಗಸ್ಟ್ 15ರಂದು ಬಿಡುಗಡೆಯಾದ ‘ಶೋಲೆ’ ಎಂಬ ಹಿಂದಿ ಚಿತ್ರ ಅಂಥದೊಂದು ಕೃತಿ. ಡಕಾಯಿತರು, ಕುದುರೆಗಳು, ಬಂದೂಕುಗಳು, ಹೊಡೆದಾಟಗಳು ತುಂಬಿದ ಸಾಹಸಚಿತ್ರವಿದು. ಇದರಲ್ಲಿ ರಸವಿಚಾರಕ್ಕೆ ಏನಿದೆ ಎಂದು ಕೇಳುವ ಮಿತ್ರರಿದ್ದಾರೆ. ಇದೆಯೆಂದೇ ನನ್ನ ನಂಬಿಕೆ.

ಚಿತ್ರ ತೆರೆಗೆ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ನನ್ನ ತರಗತಿಯಲ್ಲಿ ಕುಳಿತುಕೊಳ್ಳುವ ವಿದ್ಯಾರ್ಥಿಗಳಲ್ಲಿ ಅನೇಕರ ತಂದೆತಾಯಿಗಳೂ ಹುಟ್ಟಿರಲಿಲ್ಲ. ಆದರೂ ಆ ಹುಡುಗರಿಗೆ ಗಬ್ಬರ್ ಸಿಂಗನು ಯಾರೆಂದು ಹೇಳಿಕೊಡಬೇಕಾದ ಅಗತ್ಯವಿಲ್ಲ. ಹಿಂದಿಯನ್ನು ಸರಿಯಾಗಿ ಬಲ್ಲದವರೂ ಅವನ ಮಾತುಗಳನ್ನು ಅವನದೇ ಧಾಟಿಯಲ್ಲಿ ಆಡಿ ತೋರಿಸುತ್ತಾರೆ. ಕೇವಲ ಪ್ರಚಾರದ ಬಲದಿಂದ ನಿಂತ ಚಿತ್ರವಾಗಿದ್ದರೆ ಮೂರನೆಯ ತಲೆಮಾರಿನವರೆಗೆ ಅದು ಬರುತ್ತಿರಲಿಲ್ಲ. ಆ ವರ್ಷದ ಪ್ರಚಾರವೆಲ್ಲ ಆ ವರ್ಷಕ್ಕೇ ಮುಗಿದುಹೋಯಿತಲ್ಲವೆ?

ಹಾಗೆ ನೋಡಿದರೆ ಈ ಚಿತ್ರಕ್ಕೆ ಆರಂಭದಲ್ಲಿ ದೊರೆತ ಸ್ವಾಗತವೂ ಅಷ್ಟಕ್ಕಷ್ಟೆ. ಮೊದಲ ದಿನಗಳಲ್ಲಿ ವಿಮರ್ಶಕರು ಮೂಗು ಮುರಿದರು. ಪ್ರೇಕ್ಷಕರು ಮೌನವಾಗಿ ಕುಳಿತು ನೋಡಿ ಎದ್ದು ಹೋದರು. ಆ ಮೌನವನ್ನು ಕಂಡು ನಿರ್ಮಾಪಕರು ಎದೆಗೆಟ್ಟು, ಕಥಾನಾಯಕರಲ್ಲೊಬ್ಬನಾದ ಜಯ್ ಸಾಯುವ ಭಾಗವನ್ನು ಬದಲಿಸಿ ಅವನನ್ನು ಬದುಕಿಸಿಬಿಡೋಣವೇ ಎಂದು ಯೋಚಿಸಿದ್ದುಂಟು. ಪುಣ್ಯಕ್ಕೆ ಹಾಗೆ ಮಾಡಲಿಲ್ಲ. ಕೆಲವು ವಾರಗಳು ಕಳೆಯುವಷ್ಟರಲ್ಲಿ ನೋಡಿದವರ ಬಾಯಿಂದ ಕೇಳಿದವರ ಕಿವಿಗೆ ಸುದ್ದಿ ಹರಡಿ, ಮುಂಬಯಿಯ ಮಿನರ್ವಾ ಚಿತ್ರಮಂದಿರವೊಂದರಲ್ಲಿಯೇ ಅದು ಐದು ವರ್ಷಗಳಿಗೂ ಮೇಲೆ ನಡೆಯಿತು. ಆ ಸಾಲಿನ ಫಿಲಂಫೇರ್ ಪ್ರಶಸ್ತಿಗಳಲ್ಲಿ ಇದಕ್ಕೆ ಸಿಕ್ಕಿದ್ದು ಒಂದೇ, ಎಂ. ಎಸ್. ಶಿಂಧೆಯವರ ಸಂಕಲನಕ್ಕೆ. 2005ರಲ್ಲಿ ಅದೇ ಸಂಸ್ಥೆ ತನ್ನ ಐವತ್ತು ವರ್ಷಗಳ ಅತ್ಯುತ್ತಮ ಚಿತ್ರವೆಂದು ಇದನ್ನೇ ಆರಿಸಿತು. ಮೂವತ್ತು ವರ್ಷಗಳ ಅಂತರದಲ್ಲಿ ಚಿತ್ರ ಬದಲಾಗಿರಲಿಲ್ಲ. ಮೊದಲ ವಾರದಲ್ಲಿ ಪ್ರೇಕ್ಷಕರು ತೋರಿದ ಆ ಮೌನವೂ ಅರಸಿಕತೆಯ ಮೌನವಾಗಿರಲಿಲ್ಲವೆಂದು ಈಗ ತೋರುತ್ತದೆ.

ಕಥೆ ಹೊಸದೇನಲ್ಲ. ಡಕಾಯಿತರ ಹಾವಳಿಗೆ ಸಿಕ್ಕಿದ ಊರೊಂದು ಕೂಲಿಗೆ ಕಾದಾಡುವವರನ್ನು ಕರೆಸಿಕೊಳ್ಳುತ್ತದೆ ಎಂಬ ವಸ್ತು ಜಪಾನಿನ ಅಕಿರಾ ಕುರೋಸಾವಾರವರ ‘ಸೆವೆನ್ ಸಮುರಾಯ್’ (1954) ಚಿತ್ರದ್ದು. ಅದನ್ನು ಅಮೆರಿಕದವರು 1960ರಲ್ಲಿ ತಮ್ಮ ಕುದುರೆಸವಾರರ ಕಥೆಯಾಗಿ ಮಾರ್ಪಡಿಸಿಕೊಂಡರು. ಸಂಸಾರವೊಂದು ತನ್ನ ಮನೆಯಂಗಳದಲ್ಲಿಯೇ ಹತವಾಗುವ ಸನ್ನಿವೇಶಕ್ಕೆ ಇಟಲಿಯ ಸೆರ್ಜಿಯೋ ಲಿಯೋನೆಯವರ 1968ರ ಚಿತ್ರದ ಋಣವಿದೆ. 1971ರ ‘ಮೇರಾ ಗಾಂವ್ ಮೇರಾ ದೇಶ್’ ಎಂಬ ಹಿಂದಿ ಚಿತ್ರದಲ್ಲಿ ಡಕಾಯಿತನ ಹೆಸರು ಜಬ್ಬರ್ ಸಿಂಗ್! ಇಷ್ಟೆಲ್ಲ ಸಾಲವನ್ನು ಎತ್ತಿ ತೋರಿಸಿದವರು ‘ಶೋಲೆ’ ಬರಿಯ ಅನುಕರಣವೆಂದು ತೀರ್ಪಿತ್ತರು. ಈ ತೀರ್ಪನ್ನು ಒಪ್ಪುವುದಾದರೆ ನಾವು ಪಂಪನನ್ನೂ ಕುಮಾರವ್ಯಾಸನನ್ನೂ ಕಪಾಟಿನಿಂದ ಕೆಳಗಿಳಿಸಬೇಕಾಗುತ್ತದೆ. ವ್ಯಾಸರ ಕಥೆಯನ್ನು ಅವರು ಕದ್ದದ್ದೇನೂ ಗುಟ್ಟಾಗಿ ಅಲ್ಲ. ಕಂಡ ವಸ್ತುವೇ ರಸದ ಸಂಪರ್ಕದಿಂದ ವಸಂತದ ಮರಗಳಂತೆ ಹೊಸದಾಗಿ ಕಾಣುತ್ತದೆಂದು ಆನಂದವರ್ಧನನು ಸಾವಿರ ವರ್ಷಗಳ ಹಿಂದೆಯೇ ಈ ವ್ಯಾಜ್ಯವನ್ನು ಇತ್ಯರ್ಥ ಮಾಡಿದ್ದಾನೆ. ಚಿತ್ರಕಥೆ ಬರೆದ ಸಲೀಂ–ಜಾವೇದರ ವಸ್ತು ಎಲ್ಲಿಂದ ಬಂತೆಂಬುದಕ್ಕಿಂತ ಅದು ಅವರ ಕೈಯಲ್ಲಿ ಏನಾಯಿತೆಂಬುದು ಮುಖ್ಯ.

ಏನಾಯಿತೆಂದರೆ, ಅದೊಂದು ಕೈಯಿಲ್ಲದವನ ಕಥೆಯಾಯಿತು. ಕುರೋಸಾವಾರವರಲ್ಲಿ ರೈತರು ತಮ್ಮ ಪೈರನ್ನು ಉಳಿಸಿಕೊಳ್ಳಲು ಯೋಧರನ್ನು ಕರೆಯುತ್ತಾರೆ. ಇಲ್ಲಿ ಕರೆಸುವವನು ಠಾಕೂರ್ ಬಲದೇವ್ ಸಿಂಗ್. ಒಂದು ಕಾಲಕ್ಕೆ ಪೊಲೀಸ್ ಅಧಿಕಾರಿಯಾಗಿದ್ದವನು. ತಾನೇ ಹಿಂದೆ ಸೆರೆಹಿಡಿದಿದ್ದ ಜಯ್ ಮತ್ತು ವೀರು ಎಂಬ ಇಬ್ಬರು ಕಳ್ಳರನ್ನು ಅವನು ಹುಡುಕಿಸಿ ತರಿಸಿ, ಗಬ್ಬರನನ್ನು ಜೀವಸಹಿತ ಹಿಡಿದು ತನಗೊಪ್ಪಿಸಬೇಕೆಂದು ಕೇಳುತ್ತಾನೆ. ಜೀವಸಹಿತ ಏಕೆ? ತಾನೇ ಏಕೆ ಹೋಗಬಾರದು? ಹೋಳಿಯ ದಿನ ಊರಿನ ಮೇಲೆ ದಾಳಿಯಾದಾಗ ಇಬ್ಬರೂ ಸಿಕ್ಕಿಬಿದ್ದಿದ್ದಾರೆ. ಬಂದೂಕು ಠಾಕೂರನ ಕಾಲಬುಡದಲ್ಲಿ ಬಿದ್ದಿದೆ. ಅವನು ಬಗ್ಗಿ ಅದನ್ನೆತ್ತಿಕೊಡುವುದಿಲ್ಲ. ನೋಡುವವರಿಗೂ ಸಿಟ್ಟು ಬರುತ್ತದೆ. ಆ ಸಿಟ್ಟು ಚೆನ್ನಾಗಿ ಕಾದ ಮೇಲೆ, ಹಿಂದಿನದನ್ನೆಲ್ಲ ಅವನ ಬಾಯಿಂದ ಹೇಳಿಸಿ, ಕೊನೆಗೆ ಗಾಳಿಗೆ ಶಾಲು ಸರಿದಾಗ ಬರಿದಾದ ಎರಡು ತೋಳುಗಳನ್ನು ತೋರಿಸುತ್ತಾರೆ.

ಕನ್ನಡ ಓದಿದವರಿಗೆ ಈ ಕ್ರಮ ಅಪರಿಚಿತವಲ್ಲ. ರನ್ನನು ‘ಗದಾಯುದ್ಧ’ದಲ್ಲಿ ಭಾರತಯುದ್ಧದ ಕಟ್ಟಕಡೆಯ ಘಟ್ಟದಲ್ಲಿ ನಿಂತು, ಮುಂದೆ ನಡೆವ ಸಿಂಹವು ಹಿಂದಿರುಗಿ ನೋಡುವಂತೆ, ನಡೆದುಹೋದುದೆಲ್ಲವನ್ನೂ ಒಳಗೊಳ್ಳುತ್ತಾನಷ್ಟೆ. ಆ ಸಿಂಹಾವಲೋಕನದ ಪ್ರಯೋಜನ ಕಥೆಯನ್ನು ಸಂಕ್ಷೇಪಿಸುವುದೊಂದೇ ಅಲ್ಲ. ಈಗ ಎದುರಿಗಿರುವ ಕೋಪಕ್ಕೆ ಹಿಂದಿನ ಅಪಮಾನದ ಭಾರವೆಲ್ಲ ಬಂದು ಸೇರಬೇಕು. ಭೀಮನ ಗದೆ ಮೇಲೇಳುವಾಗ ದ್ರೌಪದಿಯ ಬಿಚ್ಚಿದ ಮುಡಿ ನಮಗೆ ಕಾಣುತ್ತಿರಬೇಕು. ‘ಶೋಲೆ’ಯಲ್ಲಿಯೂ ಹಿನ್ನೋಟ ಅದೇ ಕೆಲಸವನ್ನು ಮಾಡುತ್ತದೆ. ತೋಳಿಲ್ಲವೆಂದು ತಿಳಿದ ಮೇಲೆ, ಅದುವರೆಗೆ ಕಂಡ ಠಾಕೂರನ ಪ್ರತಿಯೊಂದು ನಿಲವೂ, ಶಾಲು ಹೊದ್ದು ಬಿಗಿದುಕೊಂಡು ನಿಲ್ಲುವ ಆ ಠೀವಿಯೂ, ಬೇರೆ ಅರ್ಥವನ್ನು ತಾಳುತ್ತದೆ. ಎರಡನೆಯ ಸಲ ನೋಡುವವನಿಗೆ ಮೊದಲನೆಯ ಸಲಕ್ಕಿಂತ ಹೆಚ್ಚು ದೊರೆಯುವುದು ಇದರಿಂದ. ಒಂದು ಚಿತ್ರವನ್ನು ಜನ ಮತ್ತೆ ಮತ್ತೆ ಏಕೆ ನೋಡುತ್ತಾರೆಂಬ ಪ್ರಶ್ನೆಗೆ ಇಲ್ಲೊಂದು ಉತ್ತರ ಸಿಕ್ಕಿತಲ್ಲವೆ?

ಹೊಡೆದಾಟಗಳನ್ನು ನಾನು ಕಡೆಗಣಿಸುತ್ತಿಲ್ಲ. ಇಂಗ್ಲೆಂಡಿನಿಂದ ಸಾಹಸತಜ್ಞರನ್ನು ಕರೆಸಿದರು. ಪನವೇಲಿನ ಬಳಿ ರೈಲಿನ ದರೋಡೆಯೊಂದನ್ನು ಚಿತ್ರಿಸಲು ಏಳು ವಾರ ಹಿಡಿಯಿತು. ಎಪ್ಪತ್ತು ಮಿಲಿಮೀಟರಿನ ಅಗಲ ತೆರೆ, ಸುತ್ತಲಿಂದ ಬರುವ ಧ್ವನಿ, ಇವೆಲ್ಲ ಆ ಕಾಲಕ್ಕೆ ಬೆರಗು. ಆದರೆ ಬೆರಗು ಬೇಗ ಹಳಸುವ ಪದಾರ್ಥ. ಇದಕ್ಕಿಂತ ಹತ್ತು ಪಾಲು ಭಯಂಕರವಾದ ಸಾಹಸಗಳನ್ನು ಇಂದಿನ ಹುಡುಗರು ಅಂಗೈಯಗಲದ ಫೋನಿನಲ್ಲಿ ದಿನವೂ ನೋಡುತ್ತಾರೆ. ಅಂಥವರನ್ನೂ ಈ ಚಿತ್ರ ಹಿಡಿದು ಕೂರಿಸುವುದು ತೋರಿಸಿದ್ದರಿಂದಲ್ಲ, ತೋರಿಸದೆ ಬಿಟ್ಟದ್ದರಿಂದ.

ಇಮಾಂ ಸಾಹೇಬನ ಮಗ ಅಹಮದ್ ಡಕಾಯಿತರ ಕೈಗೆ ಸಿಕ್ಕಿದ್ದಾನೆ. ಗಬ್ಬರನು ಬಂಡೆಯ ಮೇಲೆ ಒರಗಿದ್ದಾನೆ. ಅವನ ತೋಳಿನ ಮೇಲೆ ಒಂದು ಇರುವೆ ಹರಿಯುತ್ತಿದೆ. ಅದನ್ನು ನೋಡುತ್ತಾನೆ, ಹೊಸಕುತ್ತಾನೆ. ಅಷ್ಟೆ. ಮುಂದೆ ನಮಗೆ ಕಾಣುವುದು ಹೆಣವನ್ನು ಹೊತ್ತು ಊರಿಗೆ ಹಿಂದಿರುಗುವ ಕುದುರೆ. ಠಾಕೂರನ ಮನೆಯವರನ್ನು ಕೊಲ್ಲುವಲ್ಲಿ ದೊಡ್ಡವರು ಬೀಳುವುದನ್ನು ತೋರಿಸಿದ ಚಿತ್ರ ಮಗುವಿನ ಮುಂದೆ ಬಂದು ತಡೆಯುತ್ತದೆ. ಬಂದೂಕು ಮೇಲೇಳುತ್ತದೆ, ಮರುಕ್ಷಣ ತೆರೆಯ ಮೇಲೆ ಇರುವುದು ಠಾಕೂರನನ್ನು ಊರಿಗೆ ಕರೆತರುವ ರೈಲು. ಅವನು ಮನೆಯವರಿಗಾಗಿ ಉಡುಗೊರೆಗಳನ್ನು ಹೊತ್ತು ಬರುತ್ತಾನೆ. ಅಂಗಳದಲ್ಲಿ ಉಯ್ಯಾಲೆ ಕಿರುಗುಟ್ಟುತ್ತಿದೆ, ಹೆಣಗಳ ಮೇಲಿನ ಬಟ್ಟೆಯನ್ನು ಗಾಳಿ ಎತ್ತುತ್ತಿದೆ. ಕೊನೆಗೆ ಆ ತೋಳುಗಳನ್ನು ಕಡಿಯುವ ಕ್ಷಣವನ್ನೂ ತೋರಿಸುವುದಿಲ್ಲ. ಕತ್ತಿ ಎತ್ತಿದ್ದನ್ನು ಕಾಣುತ್ತೇವೆ, ಆಮೇಲೆ ಬರಿಯ ತೋಳನ್ನು ಕಾಣುತ್ತೇವೆ. ನಡುವಣ ಘೋರವನ್ನು ನೋಡುವವನೇ ತನ್ನ ಮನಸ್ಸಿನೊಳಗೆ ತುಂಬಿಕೊಳ್ಳಬೇಕು. ವ್ಯಂಗ್ಯಾರ್ಥ, ಧ್ವನಿ ಎಂದು ನಾವು ತರಗತಿಗಳಲ್ಲಿ ಹೇಳಿಕೊಡುವುದು ಇದನ್ನೇ ಅಲ್ಲದೆ ಇನ್ನೇನು? ತಮ್ಮ ಪಾಠಕ್ಕೆ ನಿದರ್ಶನ ಸಿಕ್ಕದೆ ಸಂಸ್ಕೃತ ಶ್ಲೋಕದ ಅರ್ಥಕ್ಕೆ ಅರ್ಥ ಹೇಳಿ ದಣಿಯುವ ಅಧ್ಯಾಪಕಮಿತ್ರರು ಆ ಇರುವೆಯನ್ನೊಮ್ಮೆ ಉಪಯೋಗಿಸಿ ನೋಡಬಹುದು.

ರೌದ್ರದ ನಡುವೆ ಶಾಂತವಾದ ಎಡೆಗಳನ್ನು ಇಡುವುದರಲ್ಲಿಯೂ ನಿರ್ದೇಶಕ ರಮೇಶ್ ಸಿಪ್ಪಿಯವರು ಔಚಿತ್ಯವನ್ನು ಬಲ್ಲರು. ಸಂಜೆ ಜಯ್ ಜಗುಲಿಯ ಮೇಲೆ ಕುಳಿತು ಬಾಯಿವಾದ್ಯ ನುಡಿಸುತ್ತಾನೆ. ಎದುರಿನ ಮಹಡಿಯಲ್ಲಿ ಠಾಕೂರನ ವಿಧವೆ ಸೊಸೆ ರಾಧಾ ಒಂದೊಂದಾಗಿ ದೀಪಗಳನ್ನು ಆರಿಸುತ್ತಾಳೆ. ಇಬ್ಬರ ನಡುವೆ ಮಾತಿಲ್ಲ. ದ್ವಾರಕಾ ದಿವೇಚಾರವರ ಛಾಯಾಗ್ರಹಣ ಆ ಕೆಲವು ನಿಮಿಷಗಳಲ್ಲಿ ಸಾಧಿಸುವುದನ್ನು ಎರಡು ಯುಗಳಗೀತೆಗಳು ಸಾಧಿಸಲಾರವು.

ಇನ್ನು ಮಾತಿನ ವಿಷಯ. ಚಿತ್ರ ಜನಪ್ರಿಯವಾದ ಮೇಲೆ ಪಾಲಿಡಾರ್ ಕಂಪೆನಿಯವರು ಹಾಡುಗಳ ತಟ್ಟೆಯ ಜೊತೆಗೆ ಸಂಭಾಷಣೆಗಳ ತಟ್ಟೆಯನ್ನೂ ಹೊರತಂದರು. ಅದೂ ಬಿಸಿ ದೋಸೆಯಂತೆ ಖರ್ಚಾಯಿತು. ಹೋಟೆಲುಗಳಲ್ಲಿ, ಹಬ್ಬದ ಚಪ್ಪರಗಳಲ್ಲಿ ಜನ ಚಿತ್ರವಿಲ್ಲದೆ ಚಿತ್ರವನ್ನು ಕೇಳಿದರು. ಪರದೇಶದವರಿಗೆ ಇದು ವಿಚಿತ್ರವಾಗಿ ತೋರಬಹುದು. ತಾಳಮದ್ದಳೆಯನ್ನು ಬಲ್ಲ ಕರಾವಳಿಯವರಿಗೆ ತೋರದು. ವೇಷವಿಲ್ಲ, ಕುಣಿತವಿಲ್ಲ, ಕಥೆ ಎಲ್ಲರಿಗೂ ಗೊತ್ತು. ಆದರೂ ಇರುಳೆಲ್ಲ ಕೂತು ಕೇಳುತ್ತಾರೆ. ಮುಂದೇನಾಗುತ್ತದೆಂಬ ಕುತೂಹಲ ಅಲ್ಲಿ ಇಲ್ಲವೇ ಇಲ್ಲ. ಆಗುವುದನ್ನು ಹೇಗೆ ಹೇಳುತ್ತಾರೆಂಬುದೇ ಅಲ್ಲಿಯ ಆಕರ್ಷಣೆ. ‘ಶೋಲೆ’ಯ ರಸಿಕನೂ ಅಂಥವನೇ. ಮುಂದಿನ ಮಾತು ಅವನಿಗೆ ತಿಳಿದಿದೆ. ತಿಳಿದಿರುವುದರಿಂದಲೇ ಅದಕ್ಕಾಗಿ ಕಾಯುತ್ತಾನೆ. ಸಣ್ಣ ಪಾತ್ರಗಳಿಗೂ ಆ ಮಾತಿನ ಭಾಗ್ಯ ದೊರೆತಿದೆ. ಬಂಡೆಯ ತುದಿಯಲ್ಲಿ ಕುಳಿತ ಸಾಂಭಾ ಚಿತ್ರದುದ್ದಕ್ಕೂ ಆಡುವ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು; ಅವನನ್ನು ಮರೆತವರಿಲ್ಲ. ಕುದುರೆಗಾಡಿಯ ಬಸಂತಿಯ ವಾಚಾಳಿತನ, ಮೌಸಿಯ ಮುಂದೆ ಜಯ್ ತನ್ನ ಗೆಳೆಯನ ಗುಣಗಾನ ಮಾಡುತ್ತ ಮಾಡುತ್ತಲೇ ಅವನ ದುರ್ಗುಣಗಳನ್ನೆಲ್ಲ ಹೊರಗೆಡಹುವ ವ್ಯಾಜಸ್ತುತಿ, ಇವು ಅಲಂಕಾರಶಾಸ್ತ್ರದ ಪುಸ್ತಕಕ್ಕೆ ಸೇರಿಸಬಹುದಾದ ಉದಾಹರಣೆಗಳು.

ಮಾತಿನ ಸಂಪತ್ತಿನ ದೊಡ್ಡ ಪಾಲು ಗಬ್ಬರನಿಗೆ ಸಂದಿದೆ. ನನ್ನ ಮನಸ್ಸಿಗೆ ಕಸಿವಿಸಿಯಾಗುವುದು ಇಲ್ಲಿಯೇ. ಅಮ್ಜದ್ ಖಾನರಿಗೆ ಅದು ಮೊದಲ ದೊಡ್ಡ ಪಾತ್ರ. ಹಳೆಯ ಚಿತ್ರಗಳ ಡಕಾಯಿತನಂತೆ ಪಂಚೆಯುಟ್ಟು ಕುಂಕುಮವಿಟ್ಟು ಬರದೆ, ಸೈನಿಕರ ಹಳೆಯ ಉಡುಪಿನಂಥ ಬಟ್ಟೆ ತೊಟ್ಟು, ಹೊಗೆಸೊಪ್ಪು ಉಜ್ಜುತ್ತ, ಕಬ್ಬಿಣದ ಗುಂಡುಗಳ ಪಟ್ಟಿಯನ್ನು ಬಂಡೆಯ ಮೇಲೆ ಎಳೆಯುತ್ತ ಅವನು ಬರುತ್ತಾನೆ. ಕೆಲಸ ಕೆಡಿಸಿ ಬಂದ ಮೂವರು ಅನುಚರರ ಮೇಲೆ ಅದೃಷ್ಟಪರೀಕ್ಷೆ ನಡೆಸಿ, ಮೂವರೂ ಉಳಿದುಕೊಂಡಾಗ ಅವರೊಡನೆ ಹೊಟ್ಟೆ ಹಿಡಿದು ನಕ್ಕು, ಆ ನಗು ಮುಗಿಯುವುದರೊಳಗೆ ಮೂವರನ್ನೂ ಸುಟ್ಟುಹಾಕುತ್ತಾನೆ. ಅವನ ಕ್ರೌರ್ಯಕ್ಕೆ ಕಾರಣವನ್ನು ಕಥೆ ಹೇಳುವುದಿಲ್ಲ. ಅವನಿಗೆ ಬಾಲ್ಯದ ದುಃಖವಿಲ್ಲ, ಜಮೀನ್ದಾರನ ಅನ್ಯಾಯವಿಲ್ಲ. ಅದಕ್ಕೆ ಹಿಂದಿನ ಹಿಂದಿ ಚಿತ್ರಗಳ ಡಕಾಯಿತನು ಬಹುಮಟ್ಟಿಗೆ ಅನ್ಯಾಯಕ್ಕೆ ಸಿಕ್ಕಿ ಹಾಗಾದವನು; ಇವನು ಹಾಗಾದವನಲ್ಲ, ಹಾಗೆಯೇ ಇರುವವನು.

ಇಂಥವನು ಜನರ ಕಣ್ಮಣಿಯಾದದ್ದು ಹೇಗೆ? ಚಿತ್ರದಲ್ಲಿ ಮಗುವನ್ನು ಕೊಂದ ಗಬ್ಬರನು ಕೆಲವೇ ಕಾಲದಲ್ಲಿ ಬ್ರಿಟಾನಿಯಾದವರ ಗ್ಲೂಕೋಸ್ ಬಿಸ್ಕತ್ತಿನ ಜಾಹೀರಾತಿನಲ್ಲಿ ಅದೇ ವೇಷದಲ್ಲಿ ಬಂದು ಮಕ್ಕಳಿಗೆ ಬಿಸ್ಕತ್ತು ಮಾರಿದನು. ಇದನ್ನು ನೆನೆದಾಗಲೆಲ್ಲ ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯುವುದಿಲ್ಲ. ಹಿಂದೊಮ್ಮೆ ‘ಗದಾಯುದ್ಧ’ದ ಪಾಠ ನಡೆಯುತ್ತಿದ್ದಾಗ ಹುಡುಗನೊಬ್ಬ ಎದ್ದು, “ಸರ್, ದುರ್ಯೋಧನನನ್ನು ರನ್ನನು ಅಷ್ಟು ದೊಡ್ಡವನನ್ನಾಗಿ ಮಾಡಬಹುದಾದರೆ ನಾವು ಗಬ್ಬರನನ್ನು ಮೆಚ್ಚಿದರೆ ತಪ್ಪೇನು?” ಎಂದು ಕೇಳಿದನು. ತರಗತಿ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದಲ್ಲ. ನಾಗಚಂದ್ರನ ರಾವಣ, ರನ್ನನ ದುರ್ಯೋಧನ, ಇವರನ್ನು ಮೆಚ್ಚಲು ಕಲಿಸಿದವರು ನಾವೇ ತಾನೆ? ನಾನು ಆ ಹುಡುಗನಿಗೆ ಹೇಳಿದ ಉತ್ತರವನ್ನೇ ಇಲ್ಲಿಯೂ ಹೇಳುತ್ತೇನೆ. ದುರ್ಯೋಧನನು ಕುರುಕ್ಷೇತ್ರದ ಹೆಣಗಳ ನಡುವೆ ನಡೆಯುತ್ತ ದ್ರೋಣನನ್ನು, ತಮ್ಮನನ್ನು, ಕರ್ಣನನ್ನು ಕಂಡು ಅಳುತ್ತಾನೆ. ಗಬ್ಬರನು ಯಾರಿಗಾಗಿಯೂ ಅಳುವುದಿಲ್ಲ. ಪ್ರೀತಿಸಿದ್ದನ್ನು ಕಳೆದುಕೊಂಡ ಪ್ರತಿನಾಯಕನಲ್ಲಿ ನಾವು ಮೆಚ್ಚುವುದು ಅವನ ಮನುಷ್ಯತ್ವವನ್ನು. ಗಬ್ಬರನಲ್ಲಿ ಮೆಚ್ಚುವುದು ಅವನ ನಿರಾತಂಕವನ್ನು. ಭಯವಿಲ್ಲದೆ, ಲೆಕ್ಕ ಕೊಡುವ ಗೊಡವೆಯಿಲ್ಲದೆ, ತೋಚಿದ್ದನ್ನು ನಗುತ್ತ ಮಾಡುವವನನ್ನು ಕಂಡಾಗ, ದಿನವೂ ಹತ್ತು ಜನರಿಗೆ ಲೆಕ್ಕ ಒಪ್ಪಿಸಿ ಬದುಕುವ ಸಾಮಾನ್ಯನಿಗೆ ಒಳಗೊಳಗೇ ಒಂದು ಅಸೂಯೆ ಹುಟ್ಟುತ್ತದೆ. ಆ ಅಸೂಯೆಯೇ ಅಭಿಮಾನದ ವೇಷ ಹಾಕಿಕೊಂಡು ಸಿಳ್ಳೆ ಹೊಡೆಯುತ್ತದೆ. ಇದು ಚಿತ್ರದ ತಪ್ಪೆಂದು ನಾನು ಹೇಳಲಾರೆ. ಆದರೆ ಚಿತ್ರದ ಆಕರ್ಷಣೆಯನ್ನು ಹೊಗಳುವವರು ಆ ಆಕರ್ಷಣೆಯ ಈ ಬೇರನ್ನು ಮುಚ್ಚಿಡಬಾರದು. ಹುಡುಗನಿಗೆ ನನ್ನ ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲವೆಂದು ಅವನ ಮುಖದಿಂದ ತಿಳಿಯಿತು.

ದೋಷಗಳೂ ಇವೆ. ಮೂರು ಗಂಟೆಗೂ ಮಿಕ್ಕ ಚಿತ್ರದಲ್ಲಿ ಸೆರೆಮನೆಯ ಅಧಿಕಾರಿಯ ಹಾಸ್ಯ ಚ್ಯಾಪ್ಲಿನ್‌ರ ಹಿಟ್ಲರ್‌ ಅಣಕದ ನೆರಳು. ಅಸ್ರಾನಿಯವರ ಪ್ರತಿಭೆಯಿಂದ ಅದು ಹೇಗೋ ದಡ ಸೇರುತ್ತದೆ. ಸೂರ್ಮಾ ಭೋಪಾಲಿಯ ಪ್ರಕರಣ ಕಥೆಗೆ ಹೊರಗಿನದು. ಇವನ್ನು ಕ್ಷಮಿಸಬಹುದು. ಕ್ಷಮಿಸಲು ನನ್ನ ಮನಸ್ಸೊಪ್ಪದಿರುವುದು ರಾಧೆಯ ವಿಷಯದಲ್ಲಿ ನಡೆದದ್ದನ್ನು. ಠಾಕೂರನು ತನ್ನ ವಿಧವೆ ಸೊಸೆಯನ್ನು ಜಯ್‌ಗೆ ಕೊಟ್ಟು ಮದುವೆ ಮಾಡಲು ಮುಂದಾಗುತ್ತಾನೆ. ಅವಳ ತಂದೆಯನ್ನೂ ಒಪ್ಪಿಸುತ್ತಾನೆ. ದೊಡ್ಡ ಮನಸ್ಸಿನ ಸನ್ನಿವೇಶ. ಆದರೆ ಜಯ್ ಸಾಯುತ್ತಾನೆ, ರಾಧೆ ಕಿಟಕಿಯನ್ನು ಮುಚ್ಚಿಕೊಳ್ಳುತ್ತಾಳೆ. ಸಾವು ಕಥೆಗೆ ಬೇಕಾಗಿತ್ತೆಂಬುದನ್ನು ಒಪ್ಪುತ್ತೇನೆ. ಆದರೂ ಇಬ್ಬರು ನಾಯಕರಲ್ಲಿ ಗುಂಡು ಹುಡುಕಿಕೊಂಡು ಹೋದದ್ದು ವಿಧವೆಯನ್ನು ಮೆಚ್ಚಿದವನನ್ನೇ ಎಂಬುದು ಆಕಸ್ಮಿಕವೆ? ಗುಲ್ವಾಡಿ ವೆಂಕಟರಾಯರು 1899ರಲ್ಲಿ ಪ್ರಕಟಿಸಿದ ‘ಇಂದಿರಾಬಾಯಿ’ಯಲ್ಲಿ ವಿಧವೆಗೆ ಧೈರ್ಯವಾಗಿ ಮರುಮದುವೆ ಮಾಡಿಸಿದರು. ಎಪ್ಪತ್ತಾರು ವರ್ಷಗಳ ಮೇಲೆ, ಬಂದೂಕಿಗೆ ಹೆದರದ ಚಿತ್ರವೊಂದು ಮಂಗಳಸೂತ್ರಕ್ಕೆ ಹೆದರಿತು.

ನಮ್ಮ ನಾಡಿಗೂ ಈ ಚಿತ್ರಕ್ಕೂ ಇರುವ ನಂಟನ್ನು ಎಲ್ಲರೂ ಬಲ್ಲರು. ರಾಮಗಢವೆಂಬ ಆ ಊರು ಇದ್ದುದು ಬೆಂಗಳೂರಿಗೆ ಹತ್ತಿರದ ರಾಮನಗರದ ಬಂಡೆಗಳ ನಡುವೆ. 1973ರ ಅಕ್ಟೋಬರ್ 3ರಂದು ಚಿತ್ರೀಕರಣ ಆರಂಭವಾದಾಗ ಅದು ಮೈಸೂರು ರಾಜ್ಯ. ತಿಂಗಳು ತುಂಬುವುದರೊಳಗೆ, ನವೆಂಬರ್ 1ರಂದು, ಅದೇ ಬಂಡೆಗಳು ಕರ್ನಾಟಕಕ್ಕೆ ಸೇರಿದವು. ಕಲಾನಿರ್ದೇಶಕ ರಾಮ್ ಯೇಡೇಕರರು ಬೆಟ್ಟದ ತಪ್ಪಲಲ್ಲಿ ಒಂದು ಊರನ್ನೇ ಕಟ್ಟಿದರು. ಚಿತ್ರದಲ್ಲಿ ಎಲ್ಲರೂ ಹಿಂದಿಯನ್ನಾಡುತ್ತಾರೆ. ಬಂಡೆಗಳು ಮಾತ್ರ ಕನ್ನಡದವು. ಭೂಗರ್ಭಶಾಸ್ತ್ರಜ್ಞರು ಕ್ಲೋಸ್‌ಪೇಟೆ ಗ್ರ್ಯಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಶಿಲೆ ಅದು. ಅದರ ಮುಂದೆ ನಿಂತ ಮನುಷ್ಯನು, ಕಳ್ಳನಾಗಲಿ ಠಾಕೂರನಾಗಲಿ, ಸಣ್ಣವನಾಗಿಯೇ ಕಾಣುತ್ತಾನೆ. ಚಿತ್ರದ ಆರಂಭದಲ್ಲಿ ಇಬ್ಬರು ಸವಾರರು ರಾಹುಲ್ ದೇವ್ ಬರ್ಮನ್ನರ ವಾದ್ಯಸಂಗೀತದ ಜೊತೆಗೆ ಆ ಶಿಲೆಗಳ ನಡುವೆ ಸಾಗುವಾಗಲೇ ಮುಂದಿನ ಕಥೆಯ ಕಾಠಿಣ್ಯವೆಲ್ಲ ನೋಡುವವನ ಮನಸ್ಸಿನಲ್ಲಿ ನೆಲೆಗೊಂಡಿರುತ್ತದೆ. ಉದ್ದೀಪನವಿಭಾವಕ್ಕೆ ಇದಕ್ಕಿಂತ ಸಮರ್ಥವಾದ ನಿದರ್ಶನ ನಮ್ಮ ಚಿತ್ರಗಳಲ್ಲಿ ಕಡಮೆ. 2012ರಿಂದ ರಾಮದೇವರ ಬೆಟ್ಟ ರಣಹದ್ದುಗಳ ರಕ್ಷಿತಧಾಮ. ಬೆಟ್ಟಕ್ಕೆ ಹೋದವರು ಹದ್ದುಗಳನ್ನು ನೋಡುವ ಮೊದಲು ಗಬ್ಬರನು ಕುಳಿತ ಬಂಡೆ ಯಾವುದೆಂದು ವಿಚಾರಿಸುತ್ತಾರೆ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು ಡಕಾಯಿತನ ಹೆಸರಿನಿಂದ ಗುರುತಿಸಿಕೊಳ್ಳಬೇಕಾಗಿ ಬಂದುದಕ್ಕೆ ಅಲ್ಲಿಯ ಜನ ನಗುತ್ತಾರೆಯೇ ಹೊರತು ಬೇಸರಪಡುವುದನ್ನು ನಾನು ಕಾಣಲಿಲ್ಲ.

ಇಷ್ಟು ಹೇಳಿ ಮುಗಿಸಬಹುದಾಗಿತ್ತು. ಆದರೆ 2025ರಲ್ಲಿ ನಡೆದ ಒಂದು ಸಂಗತಿ ಈ ಚಿತ್ರದ ವಿಚಾರವನ್ನು ಮತ್ತೆ ಮೊದಲಿನಿಂದ ತೆಗೆಯುವಂತೆ ಮಾಡಿದೆ.

ಐವತ್ತು ವರ್ಷ ನಾವು ನೋಡಿದ ‘ಶೋಲೆ’ ಅದರ ಕರ್ತೃಗಳು ಮಾಡಿದ ‘ಶೋಲೆ’ಯಲ್ಲ. ಮೂಲದಲ್ಲಿ ಠಾಕೂರನು ಮೊಳೆ ಹೊಡೆದ ಪಾದರಕ್ಷೆಗಳಿಂದ ಗಬ್ಬರನ ಕೈಗಳನ್ನು ತುಳಿದು ಜಜ್ಜಿ, ಕೊನೆಗೆ ಅವನನ್ನು ಕೊಂದೇಬಿಡುತ್ತಾನೆ. ಚಿತ್ರ ಸಿದ್ಧವಾಗುವ ಹೊತ್ತಿಗೆ ದೇಶದಲ್ಲಿ ತುರ್ತುಪರಿಸ್ಥಿತಿ ಬಂದಿತ್ತು. 1975ರ ಜೂನ್ 25ಕ್ಕೂ ಆಗಸ್ಟ್ 15ಕ್ಕೂ ನಡುವೆ ಏಳೇ ವಾರ. ಪೊಲೀಸ್ ಅಧಿಕಾರಿಯಾಗಿದ್ದವನು ಕಾನೂನನ್ನು ತನ್ನ ಕೈಗೆ (ಕಾಲಿಗೆ ಎನ್ನಬೇಕೇನೋ) ತೆಗೆದುಕೊಳ್ಳಕೂಡದೆಂದು ಸೆನ್ಸಾರ್ ಮಂಡಲಿ ಹಟ ಹಿಡಿಯಿತು. ರಷ್ಯದಲ್ಲಿದ್ದ ಸಂಜೀವ್ ಕುಮಾರರನ್ನು ಕರೆಸಿ ಅವಸರದಿಂದ ಹೊಸ ಅಂತ್ಯವನ್ನು ತೆಗೆದರು. ಅದರಲ್ಲಿ ಕೊನೆಯ ಗಳಿಗೆಗೆ ಪೊಲೀಸರು ಬಂದು, ಶಿಕ್ಷೆ ಕೊಡುವುದು ಕಾನೂನಿನ ಕೆಲಸವೆಂದು ಠಾಕೂರನಿಗೆ ನೆನಪು ಮಾಡಿಕೊಡುತ್ತಾರೆ, ಅವನು ತಡೆದು ನಿಲ್ಲುತ್ತಾನೆ, ಗಬ್ಬರನು ಬಂಧಿತನಾಗುತ್ತಾನೆ. ಇಂಗ್ಲೆಂಡಿನಲ್ಲಿಯೂ ಮುಂಬಯಿಯಲ್ಲಿಯೂ ಉಗ್ರಾಣಗಳಲ್ಲಿ ಉಳಿದಿದ್ದ ಪ್ರತಿಗಳನ್ನು ಹುಡುಕಿ, ಫಿಲಂ ಹೆರಿಟೇಜ್ ಫೌಂಡೇಷನ್ನಿನವರು ಚಿತ್ರವನ್ನು ಅದರ ಮೂಲ ಅಂತ್ಯದೊಡನೆ ಜೀರ್ಣೋದ್ಧಾರ ಮಾಡಿದರು. 2025ರ ಜೂನ್ 27ರಂದು ಇಟಲಿಯ ಬೊಲೋನ್ಯಾ ನಗರದ ಚೌಕದಲ್ಲಿ ಅದನ್ನು ತೋರಿಸಿದರು. ಡಿಸೆಂಬರಿನಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೂ ಅದು ಬಂತು. ವೀರುವಾಗಿ ನಟಿಸಿದ ಧರ್ಮೇಂದ್ರರು ಅದಕ್ಕೆ ಕೆಲವು ವಾರಗಳ ಹಿಂದೆ, ನವೆಂಬರ್ 24ರಂದು, ತೀರಿಕೊಂಡಿದ್ದರು.

ಸೆನ್ಸಾರಿನ ಅಂತ್ಯವೇ ಮೇಲೆಂದು ವಾದಿಸುವವರಿದ್ದಾರೆ. ಅವರಲ್ಲಿ ನಾನು ಗೌರವಿಸುವ ಹಿರಿಯರೂ ಇದ್ದಾರೆ. ಹಗೆಯನ್ನು ಕೊಲ್ಲುವುದಕ್ಕಿಂತ ಕಾನೂನಿಗೆ ಒಪ್ಪಿಸುವುದು ನಾಗರಿಕತೆಯ ಲಕ್ಷಣ. ಬೀದಿಯಲ್ಲಿ ನ್ಯಾಯತೀರ್ಮಾನ ಮಾಡುವ ಗುಂಪುಗಳು ಹೆಚ್ಚುತ್ತಿರುವ ಕಾಲದಲ್ಲಿ ಪ್ರತೀಕಾರಕ್ಕೆ ಕೈತಟ್ಟುವುದು ಅಪಾಯ ಎಂಬುದು ಅವರ ಮಾತು. ನಿಜ ಜೀವನದ ಮಟ್ಟಿಗೆ ಇದರಲ್ಲಿ ಒಂದಕ್ಷರವನ್ನೂ ನಾನು ತೆಗೆದುಹಾಕುವುದಿಲ್ಲ. ಆದರೆ ಕೃತಿಯ ಮಟ್ಟಿಗೆ ವಿಷಯ ಬೇರೆ.

ಚಿತ್ರದ ಮೊದಲಿನಿಂದ ಕೊನೆಯವರೆಗೆ ನಡೆಯುವುದು ಕೊಟ್ಟ ಮಾತಿನ ಕಥೆ. ಗೋವಿನ ಹಾಡನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀವದ ಗೆಳೆಯನನ್ನು ಕಳೆದುಕೊಂಡ ವೀರು ಗಬ್ಬರನನ್ನು ಕೊಲ್ಲುವುದರಲ್ಲಿದ್ದಾಗ, ಜೀವಸಹಿತ ಒಪ್ಪಿಸುವುದಾಗಿ ಜಯ್ ಕೊಟ್ಟ ಮಾತನ್ನು ಠಾಕೂರನು ನೆನಪಿಸುತ್ತಾನೆ. ವೀರು ಹಲ್ಲು ಕಚ್ಚಿ ಹಿಂದೆ ಸರಿಯುತ್ತಾನೆ. ಸತ್ತವನ ಮಾತಿಗಾಗಿ ಒಬ್ಬನು ತನ್ನ ಕೋಪವನ್ನು ಬಿಟ್ಟುಕೊಟ್ಟ ಮೇಲೆ, ಆ ಮಾತಿನ ಫಲವನ್ನು ಅದುವರೆಗೆ ಕಥೆಯ ಬಳಿಯೂ ಸುಳಿಯದಿದ್ದ ಪೊಲೀಸರು ಬಂದು ಕಸಿದುಕೊಳ್ಳುತ್ತಾರೆ. ಇಡಿಯ ಊರು ಸುಟ್ಟುಹೋಗುತ್ತಿದ್ದಾಗ ಎಲ್ಲಿದ್ದರು ಇವರು? ಇದನ್ನು ಔಚಿತ್ಯಭಂಗವೆನ್ನದೆ ವಿಧಿಯಿಲ್ಲ. ಸೆರೆಮನೆಯಿಂದ ತಪ್ಪಿಸಿಕೊಂಡೇ ಗಬ್ಬರನು ಠಾಕೂರನ ಮನೆಯನ್ನು ಹಾಳುಮಾಡಿದ್ದು; ಮತ್ತೆ ಅದೇ ಸೆರೆಮನೆಗೆ ಅವನನ್ನು ಕಳುಹಿಸುವುದರಿಂದ ಕಥೆ ಮುಗಿಯಿತೆಂದು ಯಾವ ಹಸುಳೆ ನಂಬೀತು?

ಮೂಲದ ಅಂತ್ಯದಲ್ಲಿ ಗಬ್ಬರನು ಸಾಯುವುದಕ್ಕಿಂತ ಮಹತ್ವದ ಸಂಗತಿ ಇನ್ನೊಂದಿದೆ. ಕೊಂದಾದ ಮೇಲೆ ಠಾಕೂರನು ಕುಸಿದು ಅಳುತ್ತಾನೆ. ಮನೆಯವರ ಹೆಣಗಳ ಮುಂದೆ ಬಿಗಿಹಿಡಿದ ಮುಖ, ತೋಳು ಕಳೆದುಕೊಂಡ ಮೇಲೂ ಶಾಲಿನ ಮರೆಯಲ್ಲಿ ಬಿಗಿಹಿಡಿದ ದೇಹ, ಎಲ್ಲವೂ ಅಲ್ಲಿ ಸಡಿಲಗೊಳ್ಳುತ್ತದೆ. ಅವನನ್ನು ಅಪ್ಪಿ ಸಂತೈಸಬೇಕಾದವನು ವೀರು. ತಾನೂ ಎಲ್ಲವನ್ನೂ ಕಳೆದುಕೊಂಡವನು. ತಿರುಗಿ ಅಪ್ಪಿಕೊಳ್ಳಲು ಠಾಕೂರನಿಗೆ ತೋಳುಗಳಿಲ್ಲ. ಬಹುಕಾಲ ಕಾಯಿಸಿದ್ದ ರೌದ್ರ ಒಂದೇ ನಿಮಿಷದಲ್ಲಿ ಕರುಣಕ್ಕೆ ತಿರುಗುವುದು ಇಲ್ಲಿ. ಹಗೆ ತೀರಿದ ಮೇಲೆ ಸತ್ತ ಮೊಮ್ಮಗನು ಎದ್ದು ಬರಲಿಲ್ಲ ಎಂಬುದು ಯಾರೂ ಹೇಳದೆ ಅಲ್ಲಿ ತಿಳಿಯುತ್ತದೆ. ಪ್ರತೀಕಾರದ ವಿರುದ್ಧ ಹೇಳಬಹುದಾದ ಮಾತನ್ನು ಚಿತ್ರ ತಾನಾಗಿಯೇ ಹೇಳಿತ್ತು. ಮಂಡಲಿ ಅದನ್ನೇ ಕತ್ತರಿಸಿ ತೆಗೆದು, ಬದಲಿಗೆ ಉಪದೇಶವನ್ನು ಅಂಟಿಸಿತು. ಆ ಉಪದೇಶದಿಂದ ಆದದ್ದೇನು? ಮೊಳೆಯ ಪಾದರಕ್ಷೆಗಳು ಗಬ್ಬರನ ಮೇಲೆ ಬೀಳುವ ಪೆಟ್ಟುಗಳ ಸಂತೋಷ ಮಾತ್ರ ಉಳಿಯಿತು, ಆ ಸಂತೋಷವನ್ನು ಪ್ರಶ್ನಿಸುವ ಕಣ್ಣೀರು ಹೋಯಿತು. ಗಬ್ಬರನೂ ಸಾಯದೆ ಉಳಿದನು. ಬಿಸ್ಕತ್ತು ಮಾರಲು ಅವನಿಗೆ ಬಿಡುವು ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಎರಡು ಅಂತ್ಯಗಳೂ ನಮ್ಮ ಕೈಯಲ್ಲಿವೆ. ಪಾಠಾಂತರಗಳನ್ನು ಹೋಲಿಸಿ ನೋಡುವುದು ಕನ್ನಡ ಎಂ. ಎ. ತರಗತಿಗಳಿಗೆ ಹೊಸ ಅಭ್ಯಾಸವೇನಲ್ಲ. ಓಲೆಗರಿಗಳಿಗೆ ಸಲ್ಲುವ ಆ ಶ್ರದ್ಧೆಯನ್ನು ಈ ಚಿತ್ರಸುರುಳಿಗೂ ಸಲ್ಲಿಸಿ, ಎರಡನ್ನೂ ವಿದ್ಯಾರ್ಥಿಗಳಿಗೆ ಒಂದೇ ದಿನ ತೋರಿಸಬೇಕೆಂಬುದು ನನ್ನ ಸೂಚನೆ. ಐವತ್ತು ವರ್ಷಗಳಿಂದ ಕಂಡು ಒಗ್ಗಿಹೋದ ಅಂತ್ಯವನ್ನು ಜನ ಬಿಡಲಾರರೆಂದು ಹೇಳುತ್ತಾರೆ. ಇರಬಹುದು. ನಾನಂತೂ ಇನ್ನು ಮುಂದೆ ಠಾಕೂರನನ್ನು ನೆನೆಯುವಾಗ ಪೊಲೀಸರ ಮಾತಿಗೆ ತಲೆಬಾಗಿ ನಿಂತವನನ್ನು ನೆನೆಯಲಾರೆ. ತೋಳಿಲ್ಲದೆ ವೀರುವಿನ ಎದೆಗೊರಗಿ ಅಳುತ್ತಿರುವವನೇ ನನ್ನ ಕಣ್ಣಮುಂದೆ ಬರುತ್ತಾನೆ.